ಕಮಾನು ಗಾಡಿಯಿಂದ ಫೋರ್-ಬೈ-ಫೋರ್‌ವರೆಗೆ

ಚನ್ನರಾಯನದುರ್ಗದ ಕಡೆ ಫೋರ್-ಬೈ-ಫೋರ್‌ನಲ್ಲಿ ಹೊರಡೋ ಜೋಡಿಗಳ ಪಟ್ಟಿ ಉದ್ದ: ಮೇಲೆ ಟೆಂಟು, ಒಳಗೆ ಫ್ರಿಜ್ಜು. ಆದ್ರೆ ಗಾಡೀಲೇ ಸಂಸಾರ ಮಾಡೋದು ಇಲ್ಲಿ ಹೊಸದಲ್ಲ. ಪಕ್ಕದ ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ ಎತ್ತಿನ ಗಾಡಿ ಕಟ್ತಿದ್ದವರು ಕಮಾನು ಬಿಗಿದು, ಒಳಗೆ ಹುಲ್ಲು ಹಾಸ್ತಿದ್ರು. ರಾತ್ರಿ ಅದೇ ಹಾಸಿಗೆ, ಬೆಳಗ್ಗೆ ಎತ್ತಿಗೆ ಮೇವು. ಅಚ್ಚಿಗೆ ಹಚ್ಚೋ ಕೀಲೆಣ್ಣೆ ಜೊತೇಲೇ ಇರ್ತಿತ್ತು.

ಜರ್ಮನಿಯ ಗುಂಥರ್ ಹೋಲ್ಟೋರ್ಫ್, ಸಂಗಾತಿ ಕ್ರಿಸ್ಟೀನ್ ಜೊತೆ ‘ಒಟ್ಟೋ’ ಅನ್ನೋ ಮರ್ಸಿಡಿಸ್ ಜಿ-ವ್ಯಾಗನ್ ಓಡಿಸಿದ್ದೂ ಇದೇ ಲೆಕ್ಕದಲ್ಲಿ: ಹಿಂದೆ ಹಾಸಿಗೆ, ಜೊತೆಗೆ ಬಿಡಿಭಾಗ, ರಿಪೇರಿ ಸ್ವಂತ ಕೈಲಿ. 2010ರಲ್ಲಿ ಕ್ರಿಸ್ಟೀನ್ ತೀರಿಕೊಂಡ್ರು. ಅವರಿಗೆ ಕೊಟ್ಟ ಮಾತಿನಂತೆ ಗುಂಥರ್ ಪ್ರಯಾಣ ನಿಲ್ಲಿಸಲಿಲ್ಲ. 2014ರ ಹೊತ್ತಿಗೆ ಒಟ್ಟೋ ಓಡಿದ್ದು ಸುಮಾರು 9 ಲಕ್ಷ ಕಿಲೋಮೀಟರ್.

ಹೊಸ ಸಾಮಾನು ಏರಿಸೋ ಮುಂಚೆ ಒಂದು ಪ್ರಶ್ನೆ ಕೇಳ್ಕೊಳ್ಳಿ: ದಾರೀಲಿ ಕೆಟ್ರೆ ನಮ್ಮಿಬ್ಬರ ಕೈಲಿ ಸರಿ ಮಾಡೋಕಾಗುತ್ತಾ?