ಒತ್ತಕ್ಷರ ಒಡೆದ ಹುಬ್ಬಳ್ಳಿ

ನಮ್ಮೂರು ಎಂ.ಕೆ. ಹುಬ್ಬಳ್ಳಿ, ಅಂದರೆ ಮುಗುಟಖಾನ ಹುಬ್ಬಳ್ಳಿ. ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯಲ್ಲಿ ಮಲಪ್ರಭೆಯ ದಂಡೆಗೆ ಸಿಗುತ್ತದೆ. ಈ 'ಹುಬ್ಬಳ್ಳಿ'ಯಲ್ಲಿ ಓದುವವರ ಕಣ್ಣಿಗೆ ಕಾಣುವುದು ಮೂರು ಅಕ್ಷರ: ಹು, ಬ್ಬ, ಳ್ಳಿ. ಕಂಪ್ಯೂಟರಿನ ಲೆಕ್ಕ ಬೇರೆ. ಯುನಿಕೋಡಿನ ಪ್ರಕಾರ ಅದು ಒಂಬತ್ತು ಸಂಕೇತಗಳ ಸಾಲು: ಹ, ಉಕಾರ, ಬ, ವಿರಾಮ, ಇನ್ನೊಂದು ಬ, ಳ, ವಿರಾಮ, ಇನ್ನೊಂದು ಳ, ಕೊನೆಗೆ ಇಕಾರ. ಯುಟಿಎಫ್-8 ವಿಧಾನದಲ್ಲಿ ಕಡತಕ್ಕೆ ಇಳಿಸಿದರೆ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಒಟ್ಟು 27. ಈ 27 ಬೈಟುಗಳನ್ನು ಮೂರು ಅಕ್ಷರವಾಗಿ ಕಟ್ಟಿ ಕಣ್ಣ ಮುಂದಿಡುವ ಕೆಲಸ ಯಾರದು? ಬರೆದವರದೋ, ಓದುವವರ ಯಂತ್ರದ್ದೋ?

ನಾನು ಈ ಪ್ರಶ್ನೆಗೆ ಬಂದದ್ದು ಒಂದು ವಿಚಿತ್ರ ದಾರಿಯಿಂದ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಈಗ ಇರುವುದು '9ಫ್ರಂಟ್' ಎಂಬ ಕಾರ್ಯಾಚರಣ ವ್ಯವಸ್ಥೆ. ಜಾಲತಾಣ ನೋಡಲು ಅದರ ಜೊತೆಗೇ ಬರುವ 'ಮೋಥ್ರಾ' ಎಂಬ ಬ್ರೌಸರ್. ಮೋಥ್ರಾಕ್ಕೆ ಜಾವಾಸ್ಕ್ರಿಪ್ಟ್ ಗೊತ್ತಿಲ್ಲ, ಪುಟವನ್ನು ಸಿಂಗರಿಸುವ ಸಿಎಸ್‌ಎಸ್ ಗೊತ್ತಿಲ್ಲ. ಪುಟದಲ್ಲಿರುವ ಪಠ್ಯವನ್ನು ಮೇಲಿಂದ ಕೆಳಗೆ ಸುರಿದು ಸುಮ್ಮನಾಗುತ್ತದೆ. ಜಾಹೀರಾತು ಹಾರಿ ಬರುವುದಿಲ್ಲ, ವಿಡಿಯೋ ತಾನಾಗಿ ಹಾಡುವುದಿಲ್ಲ. ಓದಲು ಕುಳಿತವರಿಗೆ ಇದೊಂದು ಸುಖ. ಬ್ಯಾಂಕಿನ ಕೆಲಸ, ವಿಶ್ವವಿದ್ಯಾಲಯದ ಅರ್ಜಿ ಇದರಲ್ಲಿ ಆಗುವ ಮಾತಲ್ಲ ಬಿಡಿ.

9ಫ್ರಂಟ್ 2011ರಲ್ಲಿ ಕವಲೊಡೆದದ್ದು 'ಪ್ಲಾನ್ 9'ರಿಂದ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಕಟ್ಟಿದ ತಂಡವೇ ಅದರ ಮುಂದಿನ ಹೆಜ್ಜೆಯಾಗಿ ಪ್ಲಾನ್ 9 ಕಟ್ಟಿತು. ಎಡ್ ವುಡ್‌ನ ಒಂದು ಕಳಪೆ ಸಿನಿಮಾದ ಹೆಸರನ್ನು ತಮಾಷೆಗೆ ಅದಕ್ಕಿಟ್ಟರು. ಮೋಥ್ರಾವನ್ನು ಬರೆದವರು ಅಲ್ಲಿಯೇ ಇದ್ದ ಟಾಮ್ ಡಫ್. ಜಪಾನಿ ಸಿನಿಮಾದ ದೈತ್ಯ ಪತಂಗವೊಂದರ ಹೆಸರು ಅದು.

ಕನ್ನಡಿಗರಿಗೆ ಪ್ಲಾನ್ 9ರ ಒಂದು ಋಣವಿದೆ, ಅದು ಹೆಚ್ಚಿನವರಿಗೆ ತಿಳಿದಿಲ್ಲ. 1992ರ ಸೆಪ್ಟೆಂಬರಿನ ಒಂದು ಸಂಜೆ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟಕ್ಕೆ ಕುಳಿತಿದ್ದಾಗ ಕೆನ್ ಥಾಂಪ್ಸನ್, ರಾಬ್ ಪೈಕ್ ಜೊತೆ ಮಾತಾಡುತ್ತ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಯುಟಿಎಫ್-8ರ ವಿನ್ಯಾಸ ಗೀಚಿದರು. ಜಗತ್ತಿನ ಯಾವ ಲಿಪಿಯ ಸಂಕೇತವನ್ನಾದರೂ ಹಳೆಯ ಇಂಗ್ಲಿಷ್ ಕಡತಗಳಿಗೆ ಧಕ್ಕೆಯಾಗದಂತೆ ಬೈಟುಗಳಲ್ಲಿ ಜೋಡಿಸುವ ಉಪಾಯ ಅದು. ಒಂದು ವಾರದೊಳಗೆ ಇಡೀ ಪ್ಲಾನ್ 9 ಅದಕ್ಕೆ ಹೊರಳಿತು. ಇಂದು ಕನ್ನಡ ವಿಕಿಪೀಡಿಯ, ನಮ್ಮ ವಾಟ್ಸಾಪ್ ಸಂದೇಶಗಳು, ನೀವು ಈಗ ಓದುತ್ತಿರುವ ಈ ಸಾಲು, ಎಲ್ಲವೂ ಸಂಚರಿಸುವುದು ಆ ಕಾಗದದ ಮೇಲಿನ ಲೆಕ್ಕದಲ್ಲೇ.

ಅದೇ ಪ್ಲಾನ್ 9ರ ಸಂತತಿಯಲ್ಲಿ ಕನ್ನಡದ ಫಾಂಟೊಂದನ್ನು ಒಗ್ಗಿಸಿ ಕನ್ನಡ ವಿಕಿಪೀಡಿಯ ತೆರೆದರೆ ಕಾಣುವುದೇನು? 'ಬಸವ' ಲಕ್ಷಣವಾಗಿ ಕಾಣುತ್ತಾನೆ. 'ಬಸವಣ್ಣ' ಒಡೆಯುತ್ತಾನೆ: ಣ, ಬಿಡಿಯಾದ ಒಂದು ವಿರಾಮಚಿಹ್ನೆ, ಪಕ್ಕದಲ್ಲಿ ಮತ್ತೊಂದು ಣ. ಗಂಗಾಂಬಿಕೆಯ ಐಕ್ಯಸ್ಥಳ ನಮ್ಮೂರಿನ ಹೊಳೆಯಲ್ಲೇ ಇದೆ. ಆಕೆಯ ಹೆಸರಿನಲ್ಲಿ ಒತ್ತಕ್ಷರ ಒಂದೂ ಇಲ್ಲ, ಆದರೂ ಇಕಾರ, ಎಕಾರಗಳು ತಲೆಕಟ್ಟಿಗೆ ಕೂಡದೆ ಬೇರೆಯೇ ನಿಲ್ಲುತ್ತವೆ. ಹುಬ್ಬಳ್ಳಿ ಹೆಚ್ಚುಕಡಿಮೆ 'ಹುಬ್‌ಬಳ್‌ಳಿ'. ಕಿತ್ತೂರು, ಚೆನ್ನಮ್ಮ, ಮಲಪ್ರಭೆ, ಯಾವುದೂ ಉಳಿಯುವುದಿಲ್ಲ. ರಾಮದುರ್ಗದ ಕಥೆ ಇನ್ನೂ ಮಜವಾಗಿದೆ. ಕಡತದಲ್ಲಿ ರಕಾರ ಮೊದಲು, ಗಕಾರ ಆಮೇಲೆ. ನಾವು ಕಾಗದದ ಮೇಲೆ ಗ ಬರೆದು ಅದರ ಪಕ್ಕ ಅರ್ಕಾವೊತ್ತು ಹಾಕುತ್ತೇವೆ. ಆ ಹಿಂದುಮುಂದು ಮಾಡಬೇಕೆಂಬ ಸಂಗತಿಯೇ ಈ ವ್ಯವಸ್ಥೆಗೆ ತಿಳಿಯದು.

ಕಾರಣ ಸರಳ. ಪ್ಲಾನ್ 9 ಪಠ್ಯವನ್ನು ಬಿಡಿಸುವುದು ಒಂದು ಸಂಕೇತಕ್ಕೆ ಒಂದು ಚಿತ್ರದಂತೆ, ಎಡದಿಂದ ಬಲಕ್ಕೆ. ಇಂಗ್ಲಿಷ್, ಗ್ರೀಕ್, ರಷ್ಯನ್, ಜಪಾನಿ ಭಾಷೆಗಳಿಗೆ ಇಷ್ಟು ಸಾಕು. ಕನ್ನಡಕ್ಕೆ ನಡುವೆ ಇನ್ನೊಬ್ಬ ಕೆಲಸಗಾರ ಬೇಕು: ಸಂಕೇತಗಳ ಸಾಲನ್ನು ನೋಡಿ ಯಾವುದು ಒತ್ತು, ಯಾವುದು ಕಾಗುಣಿತ, ಯಾವುದು ಎಲ್ಲಿ ಕೂಡಬೇಕು ಎಂದು ತೀರ್ಮಾನಿಸುವವನು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್‌ಗಳಲ್ಲಿ ಈ ಕೆಲಸ ಮಾಡುವುದು 'ಹಾರ್ಫ್‌ಬಜ್' ಎಂಬ ತಂತ್ರಾಂಶ.

ಈ ಕೆಲಸಗಾರ ಎಲ್ಲಿ ಕೂರುತ್ತಾನೆ ಎಂಬುದೇ ಕನ್ನಡ ಮುದ್ರಣದ ಚರಿತ್ರೆ ಎಂದು ನನಗೆ ಅನ್ನಿಸತೊಡಗಿದೆ. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದಾಗ ಅದು ಕಲ್ಲಚ್ಚಿನ ಪತ್ರಿಕೆ. ಕೈಬರಹವೇ ಕಲ್ಲಿಗಿಳಿಯುತ್ತಿತ್ತು, ಒತ್ತಕ್ಷರದ ತಂಟೆಯೇ ಇರಲಿಲ್ಲ. ಸೀಸದ ಮೊಳೆಗಳು ಬಂದಾಗ ಆ ಹೊರೆ ಮೊಳೆ ಜೋಡಿಸುವವನ ಬೆರಳಿಗೆ ಬಂತು. ಪುಣೆಯ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಅದನ್ನು ಕಂಪ್ಯೂಟರಿನೊಳಗೆ ತೂರಿಸುವ ಒಂದು ಹಲಗೆಗೆ ವಹಿಸಿತು. 1996ರಲ್ಲಿ ಯು.ಬಿ. ಪವನಜ ಅವರ 'ವಿಶ್ವಕನ್ನಡ' ಬಂತು, 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ಆ ಕಾಲದ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳು ಕೂತಿದ್ದವು: ಒಂದು ಕಡೆ ತಲೆಕಟ್ಟು, ಇನ್ನೊಂದು ಕಡೆ ಳ-ಒತ್ತು. ಯಾವ ತುಂಡಿನ ಪಕ್ಕ ಯಾವುದು ಎಂಬುದನ್ನು ಟೈಪ್ ಮಾಡುವಾಗಲೇ ತಂತ್ರಾಂಶ ಗೊತ್ತುಮಾಡಿಬಿಡುತ್ತಿತ್ತು. ಓದುವ ಯಂತ್ರ ತುಂಡುಗಳನ್ನು ಸಾಲಾಗಿ ಇಟ್ಟರೆ ಸಾಕು, ಹುಬ್ಬಳ್ಳಿ ಇಡಿಯಾಗಿ ಕಾಣುತ್ತಿತ್ತು.

ಅಂದರೆ ಮೋಥ್ರಾದಂಥ ಬಡ ಬ್ರೌಸರಿಗೆ ಹೊಂದುವುದು ನಾವು ಬಿಟ್ಟುಬಂದ ಆ ಹಳೆಯ ಪದ್ಧತಿಯೇ! ಅದನ್ನು ಬಿಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಹಳೆಯ ನುಡಿ ಕಡತವೊಂದನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದವರಿಗೆ ಗೊತ್ತು, ಪರದೆಯ ತುಂಬ ಯುರೋಪಿನ ಚುಕ್ಕಿ-ಗೆರೆಯ ಅಕ್ಷರಗಳ ರಾಶಿ. ಅದರಲ್ಲಿ 'ದೇಸಗತಿ' ಎಂಬ ಪದ ಹುಡುಕುವುದು ಹೇಗೆ? ಯುನಿಕೋಡಿನಲ್ಲಿ ಕನ್ನಡದ ಸಂಕೇತಗಳು 1991ರ ಮೊದಲ ಆವೃತ್ತಿಯಿಂದಲೂ ಇವೆ, ಹುಡುಕಲು ಬರುತ್ತದೆ. ಆದರೆ ಅಕ್ಷರ ಕೂಡಿಸುವ ಹೊರೆ ಆಗ ಓದುವವರ ಯಂತ್ರಕ್ಕೆ ದಾಟಿತು. ವಿಂಡೋಸ್ ಆ ಹೊರೆಯನ್ನು ಹೊತ್ತದ್ದು 2001ರ ಎಕ್ಸ್‌ಪಿಯಲ್ಲಿ, 'ತುಂಗಾ' ಫಾಂಟಿನೊಂದಿಗೆ. ಸಂಕೇತ ಸಿಕ್ಕು ಹತ್ತು ವರ್ಷಕ್ಕೆ ಅಕ್ಷರ ಸಿಕ್ಕಿತು.

ಹೀಗಾಗಿ ಬ್ರೌಸರುಗಳ 'ಸರಳತೆ'ಯ ಹೊಗಳಿಕೆ ಕೇಳಿದಾಗ ನನಗೆ ಸ್ವಲ್ಪ ಅನುಮಾನ. ಆ ಸರಳತೆಯನ್ನು ಅಳೆದ ಗಜಕಡ್ಡಿ ರೋಮನ್ ಲಿಪಿಯದು. ಕನ್ನಡವನ್ನು ಸರಿಯಾಗಿ ತೋರಿಸುವ ಅತಿ ಸರಳ ಬ್ರೌಸರ್ ಕೂಡ ಮೋಥ್ರಾಕ್ಕಿಂತ ಭಾರವಾಗಿಯೇ ಇರಬೇಕು. ಪ್ಲಾನ್ 9ರವರನ್ನು ದೂರುತ್ತಿಲ್ಲ. ಎಲ್ಲ ಲಿಪಿಗಳ ಬೈಟುಗಳಿಗೂ ಸಮನಾದ ಜಾಗ ಮಾಡಿಕೊಟ್ಟವರು ಅವರೇ.

ಆ ಬೈಟುಗಳಿಗೆ ಮಾತ್ರ ಕುಂದಿಲ್ಲ. ಮೋಥ್ರಾದಲ್ಲಿ ಒಡೆದು ಕಂಡ ಪುಟವನ್ನು ಕಡತವಾಗಿ ಉಳಿಸಿ ಫೋನಿಗೆ ಕಳಿಸಿದರೆ ಬಸವಣ್ಣ, ಚೆನ್ನಮ್ಮ ಎಲ್ಲರೂ ಇಡಿಯಾಗಿ ಎದ್ದು ನಿಲ್ಲುತ್ತಾರೆ. 9ಫ್ರಂಟಿನ ಹುಡುಕುವ ಸಾಧನಗಳಿಗೂ ಕನ್ನಡ ಪರಕೀಯವಲ್ಲ. ನನ್ನ ಟಿಪ್ಪಣಿಗಳ ಕಡತದಲ್ಲಿ 'ಕಿತ್ತೂರು' ಹುಡುಕೆಂದರೆ ಆ ಸಾಲುಗಳನ್ನೆಲ್ಲ ಕ್ಷಣದಲ್ಲಿ ಹೆಕ್ಕಿ ತಂದು, ತಕಾರವನ್ನೊಂದು ಕಡೆ, ಅದರ ಒತ್ತನ್ನೊಂದು ಕಡೆ ಬಿಡಿಸಿಟ್ಟು ತೋರಿಸುತ್ತದೆ.