ಐವತ್ತನಾಲ್ಕು ವರ್ಷಗಳ ನಿರೀಕ್ಷೆ

1941ರಲ್ಲಿ ಆರಂಭವಾದ ಸಂತೋಷ್ ಟ್ರೋಫಿಯು ಭಾರತದ ರಾಜ್ಯಗಳ ನಡುವೆ ನಡೆಯುವ ಕಾಲ್ಚೆಂಡಾಟದ ಪಂದ್ಯಾವಳಿ. ಮೈಸೂರು ತಂಡವು ಅದನ್ನು ನಾಲ್ಕು ಬಾರಿ ಗೆದ್ದಿತು. ಕೊನೆಯ ಗೆಲುವು 1968-69ರಲ್ಲಿ, ಬಲಿಷ್ಠವಾದ ಬಂಗಾಳದ ಎದುರು ದೊರೆತುದು.

1973ರಲ್ಲಿ ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರನ್ನು ಪಡೆಯಿತು. ಆದರೆ ಆ ಹೆಸರಿನಲ್ಲಿ ಪಾರಿತೋಷಕವು ಕೈಸೇರದೆ ಅರ್ಧ ಶತಮಾನವೇ ಕಳೆಯಿತು. ಎಷ್ಟೋ ಮಂದಿ ಆಟಗಾರರು ಆ ಆಸೆಯನ್ನು ಮನದಲ್ಲಿಯೇ ಉಳಿಸಿಕೊಂಡು ಆಟದಿಂದ ನಿವೃತ್ತರಾದರು.

2022-23ರಲ್ಲಿ ಪಂದ್ಯಾವಳಿಯ ಕೊನೆಯ ಹಂತವು ಮೊತ್ತಮೊದಲಿಗೆ ಹೊರದೇಶದಲ್ಲಿ, ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ನಡೆಯಿತು. ಕರ್ನಾಟಕವು ಸರ್ವಿಸಸ್ ತಂಡವನ್ನು 3-1ರಿಂದ ಸೋಲಿಸಿ, 2023ರ ಮಾರ್ಚ್ 4ರಂದು ಅಂತಿಮ ಪಂದ್ಯದಲ್ಲಿ ಮೇಘಾಲಯವನ್ನು ಎದುರಿಸಿತು. ಸುನಿಲ್ ಕುಮಾರ್ ಮೊದಲ ಗೋಲು ಹೊಡೆದರು. ಮೇಘಾಲಯವು ಕೂಡಲೇ ಸಮ ಮಾಡಿತು. ಬೇಕೆ ಓರಾಂ, ರಾಬಿನ್ ಯಾದವ್ ಒಂದೊಂದು ಗೋಲು ಸೇರಿಸಿದರು. ಮೇಘಾಲಯವು ಇನ್ನೊಂದನ್ನು ತೀರಿಸಿಕೊಂಡರೂ ಕರ್ನಾಟಕವೇ 3-2ರಿಂದ ಜಯಶಾಲಿಯಾಯಿತು.

ಮೈಸೂರಿನ ಕೊನೆಯ ಗೆಲುವಿನ ವಾರ್ತೆಯನ್ನು ಕೇಳಿದ ಹತ್ತು ವರ್ಷದ ಬಾಲಕನು ಇಷ್ಟರಲ್ಲಿ ಅರವತ್ತನ್ನು ದಾಟಿದ್ದನು. ಚರಿತ್ರೆಯು ಗೆದ್ದವರ ಹೆಸರನ್ನು ಬರೆದಿಡುತ್ತದೆ. ನಡುವಣ ವರ್ಷಗಳಲ್ಲಿ ಸೋತರೂ ಆಟವನ್ನು ಬಿಡದೆ ಮುಂದಿನವರಿಗೆ ಕಲಿಸಿಕೊಟ್ಟವರನ್ನು ನೆನೆಯುವುದು ನಮ್ಮ ಕೆಲಸ. ಪಾಠಶಾಲೆಯಲ್ಲಿ ದುಡಿಯುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.