ಜೂರಾದ ಹಳದಿ ವೈನ್: ಪೀಪಾಯಿಯಿಂದ ವಂಶವಾಹಿಯವರೆಗೆ

ಫ್ರಾನ್ಸಿನ ಪೂರ್ವ ಭಾಗದಲ್ಲಿ, ಬರ್ಗಂಡಿಯ ಬಯಲು ಮುಗಿದು ಸ್ವಿಟ್ಜರ್‌ಲೆಂಡಿನ ಕಡೆಗೆ ಜೂರಾ ಬೆಟ್ಟಸಾಲು ಏಳುವ ಅಂಚಿನಲ್ಲಿ, ಸುಮಾರು 80 ಕಿಲೋಮೀಟರ್ ಉದ್ದಕ್ಕೆ ದ್ರಾಕ್ಷಿ ತೋಟಗಳ ಕಿರುಪಟ್ಟಿಯೊಂದು ಹಬ್ಬಿದೆ. ಇಂದು ಇಲ್ಲಿ ದ್ರಾಕ್ಷಿ ಬೆಳೆಯುವ ನೆಲ ಹೆಚ್ಚೂಕಡಿಮೆ 2,000 ಹೆಕ್ಟೇರ್. ಫ್ರಾನ್ಸಿನ ಒಟ್ಟು ಲೆಕ್ಕದಲ್ಲಿ ಇದು ಏನೂ ಅಲ್ಲ. ಆದರೂ ಈ ಪಟ್ಟಿಯ ಒಂದು ಬಿಳಿ ವೈನ್ ಸೂಕ್ಷ್ಮಜೀವಿ ವಿಜ್ಞಾನಿಗಳು, ರಸಾಯನ ತಜ್ಞರು, ಸಸ್ಯತಳಿ ಸಂಶೋಧಕರು ಮೂವರನ್ನೂ ಮತ್ತೆ ಮತ್ತೆ ತನ್ನತ್ತ ಸೆಳೆದಿದೆ. ಅದು ವ್ಯಾಂ ಜೋನ್, ಅಂದರೆ ಹಳದಿ ವೈನ್. ಅದಕ್ಕೆ ಬಳಸುವ ದ್ರಾಕ್ಷಿ ಒಂದೇ, ಸಾವನ್ಯಾಂ. ಬೇರೆ ತಳಿಯ ಒಂದು ಹನಿ ರಸವನ್ನೂ ಬೆರೆಸಲು ಕಾನೂನು ಒಪ್ಪುವುದಿಲ್ಲ.

ಈ ವೈನನ್ನು ಮಾಡುವ ಕ್ರಮ ಬೇರೆಡೆಯ ವೈನ್‌ಗಾರರ ಪಾಠಕ್ಕೆ ತದ್ವಿರುದ್ಧ. ದ್ರಾಕ್ಷಾರಸ ಹುದುಗಿ ಮುಗಿದ ಮೇಲೆ ಅದನ್ನು ಓಕ್ ಮರದ ಪೀಪಾಯಿಗೆ ತುಂಬುತ್ತಾರೆ. ಸಾಮಾನ್ಯ ಪೀಪಾಯಿ 228 ಲೀಟರಿನದು. ಮರದ ರಂಧ್ರಗಳಿಂದ ವೈನ್ ಆವಿಯಾಗಿ ಕಡಿಮೆಯಾಗುತ್ತ ಹೋಗುತ್ತದೆ. ಬೇರೆ ಕಡೆ ಆ ಖಾಲಿ ಜಾಗವನ್ನು ಆಗಾಗ ವೈನ್ ಸುರಿದು ಭರ್ತಿ ಮಾಡುತ್ತಾರೆ. ಇಲ್ಲದಿದ್ದರೆ ಗಾಳಿ ತಗುಲಿ ಹುಳಿಯುತ್ತದೆ. ಜೂರಾದಲ್ಲಿ ಮಾತ್ರ ಭರ್ತಿ ಮಾಡುವುದೇ ಇಲ್ಲ. ಕೆಲವು ತಿಂಗಳಲ್ಲಿ ವೈನಿನ ಮೇಲ್ಮೈಯಲ್ಲಿ ಉಪ್ಪಿನಕಾಯಿ ಜಾಡಿಯಲ್ಲಿ ಕಾಣುವಂಥ ತೆಳ್ಳನೆಯ ಬಿಳಿ ಪೊರೆ ಹರಡಿಕೊಳ್ಳುತ್ತದೆ. ವೈನ್ ಆ ಪೊರೆಯ ಕೆಳಗೆ ಕನಿಷ್ಠ 60 ತಿಂಗಳು ಇರಬೇಕು. ಸುಗ್ಗಿಯಿಂದ ಮಾರುಕಟ್ಟೆಗೆ ಬರುವಷ್ಟರಲ್ಲಿ ಆರು ವರ್ಷ ದಾಟಿರುತ್ತದೆ. ಕೊನೆಗೆ ಸಿಗುವುದು ಒಣ ರುಚಿಯ, ಸಕ್ಕರೆ ಅಂಶವಿಲ್ಲದ, ಅಕ್ರೋಟು ಮತ್ತು ಮಸಾಲೆಯ ಪರಿಮಳ ಸೂಸುವ ಚಿನ್ನದ ಬಣ್ಣದ ವೈನ್.

ಈ ಪದ್ಧತಿ ಎಂದು ಶುರುವಾಯಿತೆಂಬುದಕ್ಕೆ ಕಥೆಗಳು ಹೆಚ್ಚು, ದಾಖಲೆ ಕಡಿಮೆ. ಬೆಟ್ಟದ ನೆತ್ತಿಯ ಮೇಲಿರುವ ಶಾತೊ-ಶಾಲೋಂ ಊರಿನ ಬೆನೆಡಿಕ್ಟೈನ್ ಸನ್ಯಾಸಿನಿಯರ ಮಠಕ್ಕೆ ಇದರ ಕೀರ್ತಿ ಸಲ್ಲಿಸುವುದು ವಾಡಿಕೆ. ಅವರು ಬಳ್ಳಿಯನ್ನು ಹಂಗೆರಿಯಿಂದ ತರಿಸಿದರೆಂಬ ಐತಿಹ್ಯವೂ ಇದೆ. ಯಾರೋ ಮರೆತು ಮೂಲೆಯಲ್ಲಿ ಬಿಟ್ಟ ಪೀಪಾಯಿಯೊಂದರಿಂದ ಎಲ್ಲವೂ ಆರಂಭವಾಯಿತೆಂಬ ಕಥೆಯನ್ನು ಹೆಚ್ಚು ನಂಬಬೇಕಾಗಿಲ್ಲ, ಇಂಥ ಕಥೆ ಪ್ರತಿಯೊಂದು ಹಳೆಯ ಪಾನೀಯಕ್ಕೂ ಅಂಟಿಕೊಂಡಿರುತ್ತದೆ. ಕೈಗೆ ಸಿಗುವ ಗಟ್ಟಿ ಸಾಕ್ಷಿ ಬಾಟಲಿಗಳೇ. ಆರ್ಬ್ವಾ ಊರಿನ ಅನಾತ್ವಾಲ್ ವೆರ್ಸೆಲ್ ಎಂಬ ಬೆಳೆಗಾರ 1774ರ ಸುಗ್ಗಿಯಿಂದ ಮಾಡಿದ ಹಳದಿ ವೈನಿನ ಕೆಲವು ಬಾಟಲಿಗಳು ಇಪ್ಪತ್ತೊಂದನೆಯ ಶತಮಾನದವರೆಗೂ ಉಳಿದವು. 1994ರಲ್ಲಿ ಒಂದನ್ನು ತೆರೆದು ಸವಿದ ಪರಿಣತರು ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಅಂಕ ಕೊಟ್ಟರು. 2018ರಲ್ಲಿ ಲೋಂ-ಲೆ-ಸೋನ್ಯೇ ಪಟ್ಟಣದ ಹರಾಜಿನಲ್ಲಿ ಇನ್ನೊಂದು 1,03,700 ಯೂರೋಗೆ ಹೋಯಿತು. ಹಣದ ಮಾತು ಹಾಗಿರಲಿ. ಗಾಳಿಗೆ ಒಡ್ಡಿಕೊಂಡೇ ಬೆಳೆದ ವೈನ್ ಎರಡು ಶತಮಾನ ಕೆಡದೆ ನಿಂತಿತೆಂಬುದು ಮುಂದೆ ವಿಜ್ಞಾನ ಬಿಡಿಸಬೇಕಾದ ಒಗಟು.

ಆ ಒಗಟಿಗೆ ಮೊದಲು ಕೈಹಾಕಿದವರು ಲೂಯಿ ಪಾಶ್ಚರ್. ಅವರು 1822ರಲ್ಲಿ ಹುಟ್ಟಿದ್ದು ಜೂರಾದ ದೋಲ್ ಪಟ್ಟಣದಲ್ಲಿ, ಬೆಳೆದದ್ದು ಆರ್ಬ್ವಾದಲ್ಲಿ. ಸಾಗಣೆಯಲ್ಲಿ ಫ್ರೆಂಚ್ ವೈನ್ ಕೆಡುತ್ತಿದ್ದುದರ ಕಾರಣ ಹುಡುಕುವಂತೆ ಚಕ್ರವರ್ತಿ ಮೂರನೆಯ ನೆಪೋಲಿಯನ್ 1863ರಲ್ಲಿ ಕೇಳಿಕೊಂಡಾಗ ಪಾಶ್ಚರ್ ಸಹಜವಾಗಿಯೇ ಆರ್ಬ್ವಾವನ್ನು ಆರಿಸಿಕೊಂಡರು. ನೆರೆಹೊರೆಯವರ ನೆಲಮಾಳಿಗೆಗಳಲ್ಲಿ ಕೆಟ್ಟ ವೈನೂ ಒಳ್ಳೆಯ ವೈನೂ ಬೇಕಾದಷ್ಟಿತ್ತು. 1866ರಲ್ಲಿ ಪ್ರಕಟವಾದ ವೈನ್ ಕುರಿತ ಅವರ ಗ್ರಂಥದಲ್ಲಿ ಎರಡು ಮಾತು ಮುಖ್ಯ. ವೈನಿನ ಮೇಲೆ ಕಟ್ಟುವ ಪೊರೆಗಳೆಲ್ಲ ಒಂದೇ ಜಾತಿಯವಲ್ಲ, ಒಂದು ವೈನನ್ನು ವಿನೆಗರ್ ಮಾಡುತ್ತದೆ, ಇನ್ನೊಂದು ಹಾಗೆ ಮಾಡುವುದಿಲ್ಲ ಎಂಬುದು ಮೊದಲನೆಯದು. ವೈನ್ ಮಾಗುವುದರಲ್ಲಿ ಆಮ್ಲಜನಕದ ಪಾತ್ರವಿದೆ, ಗಾಳಿಯಿಲ್ಲದೆ ಮುಚ್ಚಿಟ್ಟ ಗಾಜಿನ ಕೊಳವೆಯಲ್ಲಿ ವೈನ್ ಬಹುಕಾಲ ಬದಲಾಗದೆ ಉಳಿಯುತ್ತದೆ ಎಂಬುದು ಎರಡನೆಯದು. ಇದೇ ಸಂಶೋಧನೆಯ ಫಲವಾಗಿ 1865ರಲ್ಲಿ ಅವರು ವೈನನ್ನು ಬಿಸಿ ಮಾಡಿ ಕೆಡದಂತೆ ಇಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಇಂದು ಹಾಲಿನ ಪ್ಯಾಕೆಟ್ಟಿನ ಮೇಲೆ ಅವರ ಹೆಸರು ಉಳಿದಿರುವುದು ಅದರಿಂದ. ತಮ್ಮೂರಿನ ಹಳದಿ ವೈನಿಗೆ ಆ ವಿಧಾನ ಹಾಕಿದ್ದರೆ ಮಾತ್ರ ಅದನ್ನು ರೂಪಿಸುವ ಪೊರೆಯೇ ಸತ್ತುಹೋಗುತ್ತಿತ್ತು.

ಪಾಶ್ಚರ್ ಆರ್ಬ್ವಾದ ಬಳಿ ಸ್ವಂತ ತೋಟವನ್ನೂ ಕೊಂಡಿದ್ದರು. 1878ರಲ್ಲಿ ಅಲ್ಲಿನ ಕೆಲವು ಬಳ್ಳಿಗಳಿಗೆ ಗಾಜಿನ ಮನೆ ಕಟ್ಟಿಸಿ, ಹೊರಗಿನಿಂದ ಯೀಸ್ಟ್ ಬಂದು ಕೂರದ ಹಣ್ಣಿನ ರಸ ತಾನಾಗಿ ಹುದುಗುವುದಿಲ್ಲವೆಂದು ತೋರಿಸಿದರು. ಜೀವವು ತಾನಾಗಿ ಹುಟ್ಟುತ್ತದೆಂಬ ಹಳೆಯ ವಾದಕ್ಕೆ ಅದು ಇನ್ನೊಂದು ಪೆಟ್ಟು.

ಅಷ್ಟರಲ್ಲಿ ತೋಟಗಳಿಗೇ ಸಂಕಟ ಬಂದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಜೂರಾದ ದ್ರಾಕ್ಷಿ ಪ್ರದೇಶ ಸುಮಾರು 20,000 ಹೆಕ್ಟೇರ್ ಇತ್ತು. ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಕೀಟ, ಬೂಷ್ಟು ರೋಗಗಳು, ರೈಲಿನಲ್ಲಿ ದಕ್ಷಿಣದಿಂದ ಬರುತ್ತಿದ್ದ ಅಗ್ಗದ ವೈನ್, ಆಮೇಲೆ ಮೊದಲನೆಯ ಮಹಾಯುದ್ಧ ಎಲ್ಲವೂ ಸೇರಿ ಅದನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಿದವು. ಅಮೆರಿಕದ ಬೇರಿನ ಮೇಲೆ ಕಸಿ ಕಟ್ಟಿ ಮರುನಾಟಿ ಮಾಡುವಾಗ ಯಾವ ತಳಿ ಉಳಿಯಬೇಕು, ಯಾವುದು ಹೋಗಬೇಕು ಎಂಬ ಪ್ರಶ್ನೆ ಎದ್ದಿತು. ಶಾರ್ಲ್ ರೂಜೆ 1897ರಲ್ಲಿ ಪ್ರಕಟಿಸಿದ, ಜೂರಾ ಮತ್ತು ಫ್ರಾಂಶ್-ಕೊಂತೆಯ ದ್ರಾಕ್ಷಿ ತೋಟಗಳ ಕುರಿತ ಗ್ರಂಥ ಈ ಘಟ್ಟದ ಅಮೂಲ್ಯ ದಾಖಲೆ: ಮರೆಯಾಗುತ್ತಿದ್ದ ಸ್ಥಳೀಯ ತಳಿಗಳನ್ನು ಎಲೆ, ಗೊಂಚಲು, ಹೆಸರುಗಳ ಸಮೇತ ವರ್ಣಿಸಿದ ಕೃತಿ ಅದು. ಸಾವನ್ಯಾಂ ಇಳುವರಿ ಕಡಿಮೆ ಕೊಡುವ, ತಡವಾಗಿ ಮಾಗುವ, ಚಿಕ್ಕ ಹಣ್ಣಿನ, ದಪ್ಪ ಸಿಪ್ಪೆಯ ಬಳ್ಳಿ. ಲಾಭದ ಲೆಕ್ಕ ಹಾಕಿದವರು ಅದನ್ನು ಕಿತ್ತುಹಾಕಬೇಕಿತ್ತು. ಜೂರಾದ ನೀಲಿ-ಬೂದು ಜೇಡಿಮಣ್ಣಿನ ಇಳಿಜಾರುಗಳಲ್ಲಿ ಬೇರೆ ಯಾವ ಬಳ್ಳಿಯೂ ಅದರಷ್ಟು ಹುಳಿಯನ್ನು ಉಳಿಸಿಕೊಂಡು ಅಷ್ಟು ಸಕ್ಕರೆ ಕೂಡಿಸುವುದಿಲ್ಲವೆಂಬುದು ಅದನ್ನು ಕಾಪಾಡಿತು. ಹುಳಿ, ಮದ್ಯಸಾರ ಎರಡೂ ಸಾಕಷ್ಟಿಲ್ಲದ ವೈನ್ ಆರು ವರ್ಷ ಪೀಪಾಯಿಯಲ್ಲಿ ತಾಳುವುದು ಕಷ್ಟ.

ನಂತರ ಬಂದದ್ದು ಕಾನೂನಿನ ಕಾಲ. 1906ರಲ್ಲಿ ಆರ್ಬ್ವಾದ ಬೆಳೆಗಾರರು ಸಹಕಾರ ಸಂಘ ಕಟ್ಟಿದ್ದರು. ಕೊಂತೆ ಚೀಸ್ ಮಾಡುವ ಹಾಲು ಸಂಘಗಳು ಆ ಸೀಮೆಯಲ್ಲಿ ಶತಮಾನಗಳಿಂದ ಇದ್ದುದರಿಂದ ಕೂಡಿ ದುಡಿಯುವುದು ಅವರಿಗೆ ಹೊಸತಾಗಿರಲಿಲ್ಲ. ಫ್ರಾನ್ಸ್ ಮೂಲಸ್ಥಳದ ಹೆಸರಿಗೆ ರಕ್ಷಣೆ ಕೊಡುವ ವ್ಯವಸ್ಥೆ ತಂದಾಗ, 1936ರ ಮೇ 15ರಂದು ಮನ್ನಣೆ ಪಡೆದ ಮೊಟ್ಟಮೊದಲ ಹೆಸರುಗಳಲ್ಲಿ ಆರ್ಬ್ವಾ ಒಂದು. ಅದೇ ತಿಂಗಳ ಕೊನೆಯಲ್ಲಿ ಶಾತೊ-ಶಾಲೋಂ, ಮರುವರ್ಷ ಲೇತ್ವಾಲ್ ಮತ್ತು ಕೋತ್ ದ್ಯು ಜೂರಾ ಸೇರಿದವು. ನಾಲ್ಕರಲ್ಲಿ ಶಾತೊ-ಶಾಲೋಂ ಮಾತ್ರ ಹಳದಿ ವೈನಿಗೆಂದೇ ಮೀಸಲು. ಇಲ್ಲಿನ ತೋಟ ಸುಮಾರು 50 ಹೆಕ್ಟೇರ್. ಸುಗ್ಗಿಗೆ ಮುಂಚೆ ಸಮಿತಿಯೊಂದು ಬಳ್ಳಿಗಳನ್ನು ನೋಡಿಬರುತ್ತದೆ. ಹಣ್ಣು ತಕ್ಕಷ್ಟು ಮಾಗದಿದ್ದರೆ ಆ ವರ್ಷ ಊರಿನ ಹೆಸರಿನಲ್ಲಿ ವೈನೇ ಇಲ್ಲ. 1974, 1980, 1984, 2001ರಲ್ಲಿ ಹೀಗೆ ಆಯಿತು. ವರ್ಷದ ಗಳಿಕೆಯನ್ನೇ ಬಿಟ್ಟುಕೊಡುವ ಈ ಶಿಸ್ತು ಫ್ರಾನ್ಸಿನಲ್ಲೂ ಅಪರೂಪ.

ಕಾನೂನು ಬಾಟಲಿಯನ್ನೂ ಬಿಡಲಿಲ್ಲ. ಹಳದಿ ವೈನನ್ನು ಕ್ಲಾವ್ಲ್ಯಾಂ ಎಂಬ ಕುಳ್ಳ, ಅಗಲ ಭುಜದ 62 ಸೆಂಟಿಲೀಟರ್ ಬಾಟಲಿಯಲ್ಲೇ ತುಂಬಬೇಕು. ಒಂದು ಲೀಟರ್ ವೈನ್ ಆರು ವರ್ಷ ಆವಿಯಾದ ಮೇಲೆ ಉಳಿಯುವುದು ಅಷ್ಟೇ ಎಂಬ ವಿವರಣೆ ಎಲ್ಲ ಕಡೆ ಸಿಗುತ್ತದೆ. ಒಂದೊಂದು ನೆಲಮಾಳಿಗೆಯ ಶಾಖ, ತೇವ ಒಂದೊಂದು ಬಗೆ ಆಗಿರುವಾಗ ನಷ್ಟ ಎಲ್ಲೆಡೆ ಇಷ್ಟೇ ಎನ್ನುವುದನ್ನು ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲ. ಮೂರನೆಯ ಒಂದು ಭಾಗಕ್ಕೂ ಮಿಕ್ಕಿ ನಷ್ಟವಾಗಬಹುದೆಂಬುದಷ್ಟೇ ಅದರ ತಾತ್ಪರ್ಯ.

ಎರಡನೆಯ ಮಹಾಯುದ್ಧದ ನಂತರ ಆರ್ಬ್ವಾದ ವ್ಯಾಪಾರಿ ಆನ್ರಿ ಮೇರ್ ಜೂರಾ ವೈನನ್ನು ಭಾರಿ ಜಾಹೀರಾತುಗಳ ಮೂಲಕ ಫ್ರಾನ್ಸಿಗೆಲ್ಲ ಪರಿಚಯಿಸಿದರು. ರುಚಿಯ ವಿಚಾರದಲ್ಲಿ ಅಧಿಕಾರವಾಣಿಯೆನಿಸಿದ್ದ ಬರಹಗಾರ ಕ್ಯೂರ್ನೋನ್‌ಸ್ಕಿ ಫ್ರಾನ್ಸಿನ ಐದು ಶ್ರೇಷ್ಠ ಬಿಳಿ ವೈನುಗಳಲ್ಲಿ ಶಾತೊ-ಶಾಲೋಂ ಅನ್ನೂ ಎಣಿಸಿದ್ದರು. ಆದರೆ ಆ ಪರಿಮಳ ಎಲ್ಲಿಂದ ಬರುತ್ತದೆಂಬುದು ಆಗಲೂ ಗೊತ್ತಿರಲಿಲ್ಲ.

ಉತ್ತರ ಎರಡು ಹಂತಗಳಲ್ಲಿ ಬಂತು. ಪೊರೆ ಕಟ್ಟುವ ಜೀವಿ ಬೇರಾವುದೋ ವಿಚಿತ್ರ ಶಿಲೀಂಧ್ರವಲ್ಲ, ಬ್ರೆಡ್ಡು, ಬಿಯರ್, ವೈನುಗಳನ್ನು ಹುದುಗಿಸುವ ಸ್ಯಾಕರೊಮೈಸಿಸ್ ಸೆರೆವಿಸಿಯೇ ಯೀಸ್ಟಿನದೇ ಒಂದು ಬಗೆ. ಸಕ್ಕರೆ ತೀರಿದಾಗ ಸಾಮಾನ್ಯ ಯೀಸ್ಟ್ ತಳ ಸೇರಿ ಸಾಯುತ್ತದೆ. ಇದು ಮಾತ್ರ ಮೇಲಕ್ಕೆದ್ದು, ಗಾಳಿಯ ಆಮ್ಲಜನಕ ಬಳಸಿಕೊಂಡು ಮದ್ಯಸಾರವನ್ನೇ ಆಹಾರ ಮಾಡಿಕೊಳ್ಳುತ್ತದೆ. ಹಾಗೆ ಮಾಡುವಾಗ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಕೊಯ್ದ ಸೇಬಿನ ವಾಸನೆಯ ಈ ವಸ್ತು ಬೇರೆ ವೈನಿನಲ್ಲಿ ಇಷ್ಟೊಂದು ಇದ್ದರೆ ಕೆಟ್ಟಿತೆಂದು ಚೆಲ್ಲುತ್ತಾರೆ. ಜೊತೆಗೆ ಆಮ್ಲಜನಕವನ್ನೆಲ್ಲ ಪೊರೆಯೇ ಹೀರಿಕೊಳ್ಳುವುದರಿಂದ ಕೆಳಗಿನ ವೈನಿಗೆ ಗಾಳಿ ನೇರವಾಗಿ ತಗಲುವುದಿಲ್ಲ. ಗಾಳಿಗೆ ಬಿಟ್ಟ ವೈನ್ ಗಾಳಿಯಿಂದಲೇ ಕೆಡದಿರುವುದರ ಗುಟ್ಟು ಇದು.

ಎರಡನೆಯ ಹಂತ 1976ರದು. ಫ್ರೆಂಚ್ ಸಂಶೋಧಕರು ಆ ವರ್ಷ ಹಳದಿ ವೈನಿನಲ್ಲಿ, ಮುಂದೆ ಸೊಟೊಲಾನ್ ಎಂದು ಪ್ರಸಿದ್ಧವಾದ ಸಂಯುಕ್ತವನ್ನು ಗುರುತಿಸಿದರು. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ಮೂಗಿಗೆ ತಿಳಿಯುವಷ್ಟು ತೀಕ್ಷ್ಣ ಪರಿಮಳ ಅದರದು. ಅಮೈನೋ ಆಮ್ಲವೊಂದರ ವಿಘಟನೆಯಿಂದ ಬರುವ ಕೀಟೋಬ್ಯುಟಿರಿಕ್ ಆಮ್ಲ ಅಸಿಟಾಲ್ಡಿಹೈಡಿನೊಡನೆ ಕೂಡಿದಾಗ ಅದು ಹುಟ್ಟುತ್ತದೆ, ಅಂದರೆ ಪೊರೆ ಒದಗಿಸಿದ ಕಚ್ಚಾವಸ್ತುವಿನಿಂದ, ಯೀಸ್ಟಿನ ಹಂಗಿಲ್ಲದೆ, ನಿಧಾನವಾಗಿ. ವರ್ಷಗಟ್ಟಲೆ ಕಾಯಬೇಕಾದುದರ ಕಾರಣ ಇಲ್ಲಿದೆ. ಕನ್ನಡ ನಾಡಿನ ಅಡುಗೆಮನೆಗೆ ಈ ಪರಿಮಳ ಅಪರಿಚಿತವಲ್ಲ. ಮೆಂತ್ಯದ ಕಾಳಿನ ವಿಶಿಷ್ಟ ವಾಸನೆಗೆ ಮುಖ್ಯ ಕಾರಣ ಇದೇ ಸೊಟೊಲಾನ್. ಕಬ್ಬಿನ ಕಚ್ಚಾ ಸಕ್ಕರೆಯಲ್ಲೂ ಅದು ಇದೆ. ಹಳದಿ ವೈನಿನ ರುಚಿ ವರ್ಣಿಸುವ ಯುರೋಪಿನವರು ಕರಿ ಮಸಾಲೆಯ ಹೆಸರು ಹೇಳುವುದು ಕವಿಕಲ್ಪನೆ ಅಲ್ಲ.

ವಂಶವಾಹಿ ಅಧ್ಯಯನ ಈ ಕಥೆಗೆ ಕೊನೆಯಲ್ಲಿ ಸೇರಿ ಹೆಚ್ಚು ಅಚ್ಚರಿ ತಂದಿತು. ಪೊರೆಯ ಯೀಸ್ಟಿನಲ್ಲಿ ಎಫ್‌ಎಲ್‌ಒ11 ಎಂಬ ವಂಶವಾಹಿ ಹೆಚ್ಚು ಚುರುಕಾಗಿ, ಕೋಶಗಳ ಮೈ ನೀರನ್ನು ದೂರ ತಳ್ಳುವಂತೆ ಮಾಡುತ್ತದೆ. ಅದರಿಂದ ಅವು ಒಂದಕ್ಕೊಂದು ಅಂಟಿ ತೇಲುತ್ತವೆ. ಜೂರಾ, ಸ್ಪೇನಿನ ಶೆರಿ ಪ್ರದೇಶ, ಇಟಲಿ, ಹಂಗೆರಿಗಳ ಪೊರೆ ಯೀಸ್ಟುಗಳನ್ನು ಹೋಲಿಸಿದಾಗ ಅವೆಲ್ಲ ಒಂದೇ ಕುಲದವೆಂದು ತಿಳಿಯಿತು. ಸನ್ಯಾಸಿನಿಯರ ಹಂಗೆರಿ ಕಥೆಗೆ ಬಳ್ಳಿಯಿಂದಲ್ಲದಿದ್ದರೂ ಯೀಸ್ಟಿನಿಂದ ಒಂದಿಷ್ಟು ನೆರಳು ಸಿಕ್ಕಂತಾಯಿತು! ಶೆರಿಯೊಡನೆ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಶೆರಿಗೆ ಹೊರಗಿನಿಂದ ಮದ್ಯಸಾರ ಸೇರಿಸುತ್ತಾರೆ, ಹಳೆಯದಕ್ಕೆ ಹೊಸದನ್ನು ಬೆರೆಸುತ್ತ ಹೋಗುತ್ತಾರೆ. ಜೂರಾದಲ್ಲಿ ಇವೆರಡೂ ಇಲ್ಲ.

ಬಳ್ಳಿಯ ವಂಶಾವಳಿ ಇನ್ನೂ ದೊಡ್ಡದು. ಸಾವನ್ಯಾಂ ಮತ್ತು ಜರ್ಮನ್ ಭಾಷಿಕ ಸೀಮೆಗಳ ಟ್ರಾಮಿನರ್ ಒಂದೇ ತಳಿ. ಆಲ್ಸೇಸಿನ ಸುಗಂಧಭರಿತ ಗೆವುರ್ಟ್ಸ್‌ಟ್ರಾಮಿನರ್ ಅದರಲ್ಲೇ ಆದ ಮಾರ್ಪಾಟು. ಪೀನೋ ಜೊತೆ ಅದಕ್ಕೆ ಪೋಷಕ-ಸಂತಾನದ ನೇರ ನಂಟಿದೆ. ಸೋವಿನ್ಯೋಂ ಬ್ಲಾಂ, ಶೆನ್ಯಾಂ ಬ್ಲಾಂ ಎರಡೂ ಅದರ ಸಂತತಿ ಎಂಬುದು ಡಿಎನ್‌ಎ ಅಧ್ಯಯನಗಳ ನಿಲುವು. ನಂದಿ ಬೆಟ್ಟದ ಸುತ್ತಲೂ ನಾಸಿಕದಲ್ಲೂ ಬೆಳೆಯುವ ಬಿಳಿ ವೈನ್ ದ್ರಾಕ್ಷಿಗಳಲ್ಲಿ ಇವೇ ಪ್ರಧಾನವಾದ್ದರಿಂದ, ಜೂರಾದಾಚೆ ಹೆಚ್ಚು ಜನ ಕೇಳಿರದ ಈ ತಳಿಯ ಕುಡಿಗಳು ದಖ್ಖನ್ ಪ್ರಸ್ಥಭೂಮಿಯಲ್ಲೂ ಫಲ ಕೊಡುತ್ತಿವೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಫ್ರಾನ್ಸಿನ ಉತ್ಖನನಗಳಲ್ಲಿ ಸಿಕ್ಕ 28 ಪುರಾತನ ದ್ರಾಕ್ಷಿಬೀಜಗಳ ಡಿಎನ್‌ಎ ಓದಿತು. ಓರ್ಲೆಯಾನಿನಲ್ಲಿ ದೊರೆತ, ಕ್ರಿ.ಶ. 1050-1200ರ ನಡುವಿನ ಬೀಜವೊಂದು ಇಂದಿನ ಸಾವನ್ಯಾಂಗೆ ತದ್ರೂಪವಾಗಿತ್ತು. ರೈತರು ಕಡ್ಡಿಯಿಂದ ಕಡ್ಡಿಗೆ ಒಂದೇ ಬಳ್ಳಿಯನ್ನು ಸುಮಾರು 900 ವರ್ಷ ದಾಟಿಸಿಕೊಂಡು ಬಂದಿದ್ದಾರೆಂದು ಅರ್ಥ. ಇಷ್ಟಾದರೂ ಅದನ್ನು ಕಣ್ಣಿನಿಂದ ಗುರುತಿಸುವುದು ಸುಲಭವಲ್ಲ. ಆಸ್ಟ್ರೇಲಿಯದ ಬೆಳೆಗಾರರು ಸ್ಪೇನಿನ ಅಲ್ಬಾರಿನ್ಯೊ ಎಂದು ನಂಬಿ ನೆಟ್ಟದ್ದು ಸಾವನ್ಯಾಂ ಎಂದು 2009ರಲ್ಲಿ ಡಿಎನ್‌ಎ ಪರೀಕ್ಷೆ ಖಚಿತಪಡಿಸಿತು. ತಳಿಗಳ ಚಹರೆ ಬಲ್ಲ ಫ್ರೆಂಚ್ ತಜ್ಞ ಜ್ಯಾಂ-ಮಿಶೆಲ್ ಬೂರ್ಸಿಕೋ ಅದಕ್ಕೂ ಮುಂಚೆ ತೋಟದಲ್ಲಿ ನಿಂತೇ ಸಂಶಯಪಟ್ಟಿದ್ದರು.

ಕಳೆದ ಕೆಲವು ದಶಕಗಳಲ್ಲಿ ಜೂರಾದಲ್ಲಿ ಇನ್ನೊಂದು ಧಾರೆ ಬೆಳೆದಿದೆ. ಸಾವನ್ಯಾಂ ಇದ್ದರೂ ಪೀಪಾಯಿಯನ್ನು ಕ್ರಮವಾಗಿ ಭರ್ತಿ ಮಾಡಿ, ಪೊರೆ ಕಟ್ಟಲು ಬಿಡದೆ, ನಿಂಬೆ-ಹೂವಿನ ತಾಜಾ ಪರಿಮಳದ ವೈನ್ ತೆಗೆಯುವವರು ಹೆಚ್ಚಿದ್ದಾರೆ. ಪ್ಯೂಪಿಯ್ಯಾಂ ಗ್ರಾಮದ ಪಿಯೇರ್ ಓವೆರ್ನ್ವಾ ಅವರಂಥವರು ಗಂಧಕ ಬೆರೆಸದ ವೈನಿಗೆ ಹೆಸರಾದ ಮೇಲೆ ಪ್ಯಾರಿಸ್, ನ್ಯೂಯಾರ್ಕ್, ಟೋಕಿಯೊಗಳ ಗಿರಾಕಿಗಳು ಈ ಸೀಮೆಯನ್ನು ಅರಸಿ ಬರತೊಡಗಿದರು. 1997ರಿಂದ ಚಳಿಗಾಲದ ಕೊನೆಯಲ್ಲಿ ನಡೆಯುವ ಹಳದಿ ವೈನ್ ಉತ್ಸವ ಆರು ವರ್ಷ ಕಾದ ಪೀಪಾಯಿಯನ್ನು ಸಾರ್ವಜನಿಕವಾಗಿ ತೆರೆಯುತ್ತದೆ.

ಸದ್ಯದ ಚಿಂತೆ ಹವಾಮಾನದ್ದು. ಚಳಿ ಬೇಗ ಸರಿದು ಚಿಗುರು ಮುಂಚೆಯೇ ಒಡೆಯುವುದರಿಂದ ಏಪ್ರಿಲ್ ಹಿಮಕ್ಕೆ ಅದು ಸುಟ್ಟುಹೋಗುತ್ತದೆ. 2017 ಮತ್ತು 2021ರಲ್ಲಿ ಜೂರಾದ ಬೆಳೆಯ ಬಹುಪಾಲು ಹಾಗೆ ಹೋಯಿತು. ಬಿಸಿ ಬೇಸಿಗೆಯಲ್ಲಿ ಹಣ್ಣಿನ ಸಕ್ಕರೆ ಏರಿ ಹುಳಿ ಇಳಿಯುತ್ತದೆ. ಮದ್ಯಸಾರ ಶೇ. 15ರ ಮೇಲೆ ಹೋದಂತೆ ಪೊರೆಯ ಯೀಸ್ಟ್ ಸೊರಗುತ್ತದೆ, ಹುಳಿ ತಗ್ಗಿದರೆ ಬ್ಯಾಕ್ಟೀರಿಯಾಗಳು ನುಸುಳುತ್ತವೆ. ಒಂದು ಕಾಲಕ್ಕೆ ಅಕ್ಟೋಬರ್ ಕೊನೆಯವರೆಗೂ, ಕೆಲವೊಮ್ಮೆ ನವೆಂಬರಿನಲ್ಲೂ ಕೊಯ್ಯುತ್ತಿದ್ದ ಸಾವನ್ಯಾಂ ಈಗ ಸೆಪ್ಟೆಂಬರಿನಲ್ಲೇ ಬುಟ್ಟಿ ಸೇರುವುದುಂಟು. ಪ್ರಯೋಗಾಲಯದಲ್ಲಿ ಆಯ್ದು ಬೆಳೆಸಿದ ಪೊರೆ ಯೀಸ್ಟನ್ನು ಪೀಪಾಯಿಗೆ ಬಿಡುವವರಿದ್ದಾರೆ. ನೆಲಮಾಳಿಗೆಯಲ್ಲಿ ತಾನಾಗಿ ನೆಲೆಸಿದ ಯೀಸ್ಟನ್ನೇ ನೆಚ್ಚಿ ಕೂರುವವರೂ ಇದ್ದಾರೆ. ಪೀಪಾಯಿಗಳಿಂದ ಆಗಾಗ ಮಾದರಿ ತೆಗೆದು ವಿನೆಗರ್ ಹುಳಿಯ ಅಂಶ ಅಳೆಯುತ್ತಾರೆ. ಅದು ಮಿತಿ ಮೀರಿದ ಪೀಪಾಯಿಯನ್ನು ಹಳದಿ ವೈನಿನ ಸಾಲಿನಿಂದ ತೆಗೆದುಬಿಡುತ್ತಾರೆ.